ಮಾಚಿಯಬ್ಬೆಯ ಅರ್ಧ ಶಾಸನ

ಏಳನೆಯ ಹಾಳೆಯನ್ನು ಮಾಳಿಗೆಯ ಮೇಲೆ ಬೋರಲಾಗಿ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು ಕಾಶೀಬಾಯಿ ಸೊಂಟ ನೆಟ್ಟಗೆ ಮಾಡಿದಳು. ಶಾಸನದ ಕಲ್ಲಿನ ಮೇಲೆ ಹಸಿ ಕಾಗದ ಬಡಿದು, ಮಸಿ ಸವರಿ ತೆಗೆದ ಪಡಿಯಚ್ಚುಗಳು ಅವು. ವರ್ಷಕ್ಕೊಮ್ಮೆ ಬಿಸಿಲು ಕಾಣಿಸದಿದ್ದರೆ ಹುಳ ಬೀಳುತ್ತವೆ. ಬಿಸಿಲು ತಾಗಬೇಕಾದದ್ದು ಅಕ್ಷರವಿದ್ದ ಮಗ್ಗುಲಿಗೆ. ಆದರೆ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಗಂಡ ತ್ರ್ಯಂಬಕರಾಯರ ಅಪ್ಪಣೆಯೇ ಬೇರೆ: ಅಕ್ಷರ ಕೆಳಗೆ, ಬೆನ್ನು ಮೇಲೆ. ಯಾಕೆಂದರೆ ಪಕ್ಕದ ಮಾಳಿಗೆ ಸತ್ಯಾನಂದ ಮಾಸ್ತರರದು. ಅವರದೂ ಅದೇ ಕಾಲೇಜು, ಅವರಿಗೂ ಇದೇ ಹುಚ್ಚು.

ಅಷ್ಟು ದೂರದಿಂದ ಓದಲು ಅವರೇನು ಹದ್ದೇ? ಹದಿನಾಲ್ಕು ವರ್ಷ ಗಂಡನ ಟಿಪ್ಪಣಿ ನಕಲು ಮಾಡುತ್ತ ಹಳೆಯ ಲಿಪಿ ಕಲಿತ ಅವಳಿಗೇ, ಹಾಳೆ ಮೂಗಿನ ಹತ್ತಿರ ಹಿಡಿದರೆ ಮಾತ್ರ ಅಕ್ಷರ ಕೂಡುತ್ತಿದ್ದವು.

ಎಂಟನೆಯದನ್ನು ಬಿಡಿಸಿದವಳು ಹಾಗೆಯೇ ಕುಳಿತಳು. ಅದು ಅಮ್ಮಿನಬಾವಿಯ ಹಾದಿಯ ಹೊಲದಲ್ಲಿ ಸಿಕ್ಕ ಒಡಕು ಕಲ್ಲಿನ ಮೇಲರ್ಧದ ಪಡಿಯಚ್ಚು. ಮಾಚಿಯಬ್ಬೆ ಎಂಬ ವಿಧವೆ ಓದುವ ಮಕ್ಕಳಿಗಾಗಿ ಏನನ್ನೋ ಕೊಟ್ಟಿದ್ದಳು. ಏನು ಎನ್ನುವಲ್ಲಿಗೆ ಕಲ್ಲು ಮುರಿದಿತ್ತು. ಆಮೇಲೆ ಯಾರೋ ಆ ತುಂಡುಗಳನ್ನೂ ಒಡೆದು ಬಾವಿಗೆ ಕಟ್ಟಿಬಿಟ್ಟರು. ಉಳಿದದ್ದು ಈ ಹಾಳೆ. ಅದರ ಕೊನೆಯ ಸಾಲಿನಲ್ಲಿ ಈಗ ಮೂರು ತೂತು.

"ಬಾಯಾರ, ಯಾಕ್ರಿ ಮಾರಿ ಇಳಿಬಿಟ್ಟೀರಿ?" ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಸತ್ಯಾನಂದರ ಹೆಂಡತಿ ಮಾರ್ಥಾ ಕೇಳಿದಳು.

"ಮೂರು ಅಕ್ಷರ ಹುಳ ತಿಂದಾವ್ರಿ, ಮಾರ್ಥಾಬಾಯಿ."

"ತಿನ್ನಲಿ ಬಿಡ್ರಿ, ಹುಳಕ್ಕರ ಶಾಣ್ಯಾತನ ಬರಲಿ. ಅದ ಕಲ್ಲಿನ ಕೆಳಗಿನ ತುಂಡಿನ ಹಾಳಿ ನಮ್ಮವರು ಟ್ರಂಕಿನ್ಯಾಗಿಟ್ಟು ಕೀಲಿ ಹಾಕ್ಯಾರ. ಏನು ಕೊಟ್ಟಾರ ಅನ್ನೂದು ಐತಂತ, ಯಾರು ಕೊಟ್ಟಾರ ಅನ್ನೂದು ಇಲ್ಲಂತ. ಹೋಗಿ ಕೇಳ್ರಿ ಅಂದ್ರ, ಮೊದಲ ಅವರು ತೋರಸಲಿ ಅಂತಾರ."

"ನಮ್ಮವರೂ ಹಂಗ ಅಂತಾರ."

"ಗೋಲಿ ಆಡೋ ಹುಡುಗರು ಛಲೋರಿ, ಸಂಜೀಕರ ರಾಜಿ ಆಗ್ತಾರ!"

ಕಾಶೀಬಾಯಿಗೆ ನಗು ಬಂತು, ಉಳಿಯಲಿಲ್ಲ. ಹಾಳೆ ಸುತ್ತಿಕೊಂಡು ಕೆಳಗಿಳಿದಳು. ರಾಯರು ಪಡಸಾಲೆಯಲ್ಲಿ ಓದುತ್ತಿದ್ದರು.

"ಇದಕ್ಕ ಹುಳ ಬಿದ್ದಾವ್ರಿ. ಇನ್ನ ಎರಡು ವರ್ಷಕ್ಕ ಆ ಹೆಣ್ಣುಮಗಳ ಹೆಸರೂ ಉಳಿಯೂದಿಲ್ಲ. ಮಾಸ್ತರಿಗೆ ತೋರಿಸಿ, ಇಬ್ಬರೂ ಕೂಡಿ ಅಚ್ಚು ಹಾಕಿಸಬಾರದೇನು?"

ರಾಯರು ದಿಗಿಲಿನಿಂದ ಎದ್ದರು. "ಹುಳ ಬಿದ್ದದ್ದು ಅವಗ ಗೊತ್ತಾತೇನು?"

ಅವಳು ಹಾಳೆಯನ್ನು ಅವರ ಮುಂದೆ ಬಿಡಿಸಿದಳು. ರಾಯರು ಅದರ ಕಡೆ ನೋಡಲೇ ಇಲ್ಲ.

"ಪುಣೆಯ ಪಂಡಿತಗ ತೋರಿಸಿದ್ದೆ. ಏನಾತು?" ಮತ್ತೆ ಅದೇ ಕಥೆ. ಆರು ವರ್ಷದ ಹಿಂದೆ ಬೇರೊಂದು ಶಾಸನದ ಓದನ್ನು ನಂಬಿ ಬರೆದು ಕಳಿಸಿದ ಕಾಗದ. ನಾಲ್ಕು ತಿಂಗಳಿಗೆ ಅದೇ ಓದು ಆ ಪಂಡಿತನ ಹೆಸರಿನಲ್ಲಿ ಅಚ್ಚಾದದ್ದು. ಕಾಶೀಬಾಯಿ ನಿದ್ದೆಯಲ್ಲೂ ಹೇಳಬಲ್ಲಳು. ಆದರೆ "ನನ್ನ ಹೆಸರು ಒಂದು ಕಡೆನೂ ಇರಲಿಲ್ಲ" ಎನ್ನುವಾಗ ಪ್ರತಿ ಸಲವೂ ಅವರ ದನಿ ಒಡೆಯುತ್ತಿತ್ತು. ಅದು ಸುಳ್ಳಲ್ಲ. ಅದಕ್ಕೇ ಅವಳಿಗೆ ಪೂರ್ತಿ ಸಿಟ್ಟು ಮಾಡಲೂ ಆಗುತ್ತಿರಲಿಲ್ಲ.

"ಹೆಸರು ಹಾಕಿದ್ದರ?"

"ಹಾಕಿದ್ದರ ಮಾತು ಬ್ಯಾರೆ. ಯಾರು ಹಾಕ್ತಾರ? ಹೋಗು, ಲಗೂನ ಇದರ ಪ್ರತಿ ಮಾಡು. ಒಂದ. ತೂತಿನ್ಯಾಗ ಏನಿತ್ತೋ, ನನಗ ನೆನಪಿಲ್ಲ."

"ನನಗ ಅದ."

"ನಿನಗ?"

"ವರ್ಷಾ ಬಿಸಿಲಿಗೆ ಹಾಕ್ತೇನಲ್ಲ, ಓದೇನಿ."

ರಾಯರು ಕನ್ನಡಕದ ಮೇಲಿಂದ ನೋಡಿದರು. "ಯಾರ ಮುಂದೂ ಅಂದಿಲ್ಲಲ್ಲ?"

ಇಲ್ಲ ಎಂದು ತಲೆಯಾಡಿಸಿ ಅವಳು ನಡುಮನೆಗೆ ಬಂದು ಮಸಿಯ ದೌತಿ ತೆರೆದಳು. ಹೋದ ಮೂರು ಅಕ್ಷರ ತುಂಬಿ, ಒಂದು ಪ್ರತಿ ಮುಗಿಸಿದಳು. ಆಮೇಲೆ ಇನ್ನೊಂದು ಬಿಳಿ ಹಾಳೆ ಎಳೆದುಕೊಂಡಳು. ನಾಳೆ ಇದು ಸತ್ಯಾನಂದರ ಮನೆಗೆ ಹೋಗುತ್ತದೆ. ಪಡಿಯಚ್ಚು ತೆಗೆದವರು ತ್ರ್ಯಂಬಕರಾಯರು, ಧಾರವಾಡ, ೧೯೩೪ ಎಂದು ಎಲ್ಲಕ್ಕಿಂತ ಮೊದಲು, ಹಾಳೆಯ ನೆತ್ತಿಯ ಮೇಲೆ ದಪ್ಪಗೆ ಬರೆದಳು.

"ಆತೇನು?" ಪಡಸಾಲೆಯಿಂದ ರಾಯರು ಕೂಗಿದರು.

"ಇನ್ನೂ ಸ್ವಲ್ಪ ಅದರಿ" ಎಂದಳು.