ಹಲಗೆ ಹೊತ್ತವನ ಪಾತ್ರ

“ಲೇ ಉಚ್ಚಂಗಿ, ಇಷ್ಟ್ ಬೆಳ್ಳಗಿದ್ರೆ ನೀನು ಕೇರಿಯೋನು ಅಂತ ಯಾವ ಬೋಳಿಮಗ ನಂಬ್ತಾನಲೇ? ನಿಮ್ಮವ್ವ ಯಾರ ಗದ್ದಿಗೆ ಕಳೆ ಕೀಳಾಕೆ ಹೋಗಿದ್ಲು?”

ಮಲ್ಲಿಕಾರ್ಜುನ ವಿಡಿಯೋ ಕ್ಯಾಮೆರಾದಿಂದ ಕಣ್ಣು ತೆಗೆಯದೆ ಅಂದ. ಅವನ ಮನೆಯಂಗಳದಲ್ಲಿ ನೆರೆದವರೆಲ್ಲ ನಕ್ಕರು. ಹುಲ್ಲಿನ ಉರಿಗೆ ಹಲಗೆ ಕಾಸುತ್ತಿದ್ದ ಉಚ್ಚಂಗಪ್ಪ ತಲೆ ಎತ್ತಲಿಲ್ಲ. ಆದರೆ ಸತ್ತ ತಾಯಿಯ ಮಾತು ಬಂದಾಗ ಹಲಗೆ ಚರ್ಮ ಸೀಯುವಷ್ಟು ಉರಿಯ ಹತ್ತಿರ ಹೋಗಿತ್ತು. ಸರಕ್ಕನೆ ಹಿಂದಕ್ಕೆಳೆದ.

ಡ್ಯಾನ್ಸ್ ಸಿನಿಮಾಗಳನ್ನು ಅಣಕಿಸುವ ಒಂದು ಪಿಕ್ಚರು ತೆಗೆಯಲು ಕುಬಟೂರಿನ ಸಾಹುಕಾರ ಬೆನಕಪ್ಪನ ಈ ಹಿರಿಮಗ ಶಿಕಾರಿಪುರದಿಂದ ಕ್ಯಾಮೆರಾ ಬಾಡಿಗೆಗೆ ತಂದಿದ್ದ. ಅದರಲ್ಲಿ ಊರಿನ ಎಲ್ಲ ಜಾತಿಯವರೂ ಕುಣಿಯಬೇಕು, ಸೊರಬದಲ್ಲಿ ಪರದೆ ಕಟ್ಟಿ ತೋರಿಸಬೇಕು. ಕೇರಿಗೆ ತಾನೇ ಬಂದು, “ನಿನ್ ಕುಣಿತ ಇಲ್ದೆ ಪಿಚ್ಚರ್ರೇ ಇಲ್ಲ ಕಣೋ” ಎಂದು ಹೇಳಿಹೋಗಿದ್ದ. ಉಚ್ಚಂಗಪ್ಪನ ಹೆಂಡತಿ ನಿಂಗಮ್ಮ ಅಂದೇ ಕೇರಿಯ ಮನೆಮನೆಗೆ ಸುದ್ದಿ ಮುಟ್ಟಿಸಿದ್ದಳು. ಊರವರ ಹೆಣಗಳ ಮುಂದೆಲ್ಲ ಬಡಿದು ಬಂದವನ ಮುಖವನ್ನು ಒಂದು ಸಲವಾದರೂ ಜನ ಕತ್ತೆತ್ತಿ ನೋಡಲಿ ಎಂಬ ಆಸೆ ಅವನಿಗೂ ಇತ್ತು.

ಈಗ ಬೆನಕಪ್ಪನ ಕಿರಿಮಗ ಚನ್ನೇಶ, ಬಾಣಲೆಯ ಮಸಿಗೆ ಹರಳೆಣ್ಣೆ ಕಲಸಿ ಮೈಮುಖಕ್ಕೆಲ್ಲ ಬಳಿದುಕೊಂಡು ಬಂದು ನಿಂತ. ಸೊಂಟಕ್ಕೆ ಹರಕು ಗೋಣಿ, ಕೊರಳಿಗೆ ರಟ್ಟಿನ ಹಲಗೆ.

“ಇವ್ನೇ ನೀನು,” ಎಂದ ಮಲ್ಲಿಕಾರ್ಜುನ. “ನೀ ಬಣವಿ ಹಿಂದೆ ಕೂತ್ಕಂಡು ಬಾರ್ಸು. ಸದ್ದು ಮಾತ್ರ ನಿಂದು.”

“ನಾನೇ ಇದೀನಲ್ರೀ, ಸಾವ್ಕಾರ್ರೆ?”

“ಇದೀಯಪ್ಪ, ಯಾರ್ ಇಲ್ಲ ಅಂದ್ರು? ನೀ ಕುಣುದ್ರೆ ನಗು ಬರಲ್ಲ.”

ಉಚ್ಚಂಗಪ್ಪ ಬಣವೆಯ ಹಿಂದೆ ಕೂತು ಬಾರಿಸಿದ. ಸಂದಿಯಿಂದ ಎಲ್ಲ ಕಾಣುತ್ತಿತ್ತು. ಚನ್ನೇಶ ಕುಡಿದವನಂತೆ ತೂರಾಡಿದ, ಕಂಕುಳು ಕೆರೆದುಕೊಂಡ, ಎಂಜಲೆಲೆ ನೆಕ್ಕಿದ, ಕೊನೆಗೆ ಹೀರೋ ಪಾತ್ರದವನ ಕಾಲಿಗೆ ಬಿದ್ದು “ಬುದ್ದೀ” ಎಂದು ಗೋಳಾಡಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇಲಿಯಾಚೆ ನಿಂತಿದ್ದ ನಿಂಗಮ್ಮ ಮಾತ್ರ ಬಣವೆಯ ಕಡೆಗೇ ನೋಡುತ್ತಿದ್ದಳು.

ಬಿಡುವಿನಲ್ಲಿ ಯಾರೂ ನೆನೆಯದ ಅವನನ್ನು ಚನ್ನೇಶನ ತಾಯಿ ನಿರ್ಮಲಮ್ಮ ನೆನೆದಳು. ಚೊಂಬು ತಂದು, ಅವನ ಬೊಗಸೆಗೆ ಎತ್ತರದಿಂದ ಮಜ್ಜಿಗೆ ಹೊಯ್ದಳು.

“ಉಪ್ಪು ಹಾಕೀನಿ, ಕುಡಿಯಪ್ಪ. ಬಿಸ್ಲಾಗೆ ಬೆವತೀಯ.”

ಉಪ್ಪು ಹದವಾಗಿತ್ತು. ಅವನು ಕುಡಿದ.

“ಇನ್ನೊಂದ್ ಸಲ ತಗಿಯಾಣ!” ಮಲ್ಲಿಕಾರ್ಜುನ ಕೂಗಿದ. “ಚನ್ನಾ, ಈ ಸಲ ಜೋರಾಗಿ ಕೆರ್ಕಳಲೇ!”

ಹಲಗೆಯ ಸದ್ದು ಬರಲಿಲ್ಲ. ಉಚ್ಚಂಗಪ್ಪನೇ ಬಂದ. ಅಂಗಳದ ನಡುವಿಗೆ ನಡೆದು, ಚನ್ನೇಶನ ಕೊರಳಿನ ರಟ್ಟು ಕಿತ್ತೆಸೆದು, ತನ್ನ ಹಲಗೆಯನ್ನು ಅಲ್ಲಿಗೆ ಇಳಿಬಿಟ್ಟ. ಸತ್ತ ಎಮ್ಮೆಯ ಚರ್ಮ ಹುಡುಗನ ಬರಿಯ ಎದೆಗೆ ತಾಗಿತು.

“ನಾನಾಗಾಕೆ ಹೊಂಟೀಯಲ್ಲ, ಪೂರ್ತಿ ಆಗು. ಇದನ್ನ ಹೊತ್ಕಂಡು ಕುಣಿ.”

ನಗು ನಿಂತಿತು. ಜಗಲಿಯ ಮೇಲೆ ಬೆನಕಪ್ಪ ಎದ್ದು ನಿಂತ.

“ಮುಟ್ಟಬ್ಯಾಡಲೇ ಚನ್ನಾ ಅದನ್ನ! ಕೈ ಮ್ಯಾಲೆತ್ತು! ಲೇ ಸೂಳೆಮಗನೆ ಉಚ್ಚಂಗಿ, ತಗಿಯೋ ಅದನ್ನ!”

“ತಗಿಯಾಕೆ ಮತ್ತೆ ಅವ್ರನ್ನ ಮುಟ್ಟಬೇಕಾಕ್ಕತಿ. ನೀವೇ ತಗೀರಿ, ಸಾವ್ಕಾರ್ರೆ.”

ಯಾರೂ ಮುಂದೆ ಬರಲಿಲ್ಲ. ಚನ್ನೇಶ ಎರಡೂ ಕೈ ಎತ್ತಿ ನಿಂತೇ ಇದ್ದ. ಬೆವರಿನೊಡನೆ ಮಸಿ ಕಣ್ಣಿಗಿಳಿಯಿತು.

“ಅಪ್ಪಾ, ಒಳಗ್ ಬರ್ತೀನಿ.”

“ಅಲ್ಲೇ ನಿಲ್ಲು! ಕೇರಿಯೋರು ಯಾರಾರ ತಗೀಲಿ, ಮೊದ್ಲು ಮೈ ತೊಳಿ. ಏ ನಿಂಗಿ, ಬಾರೇ ಇಲ್ಲಿ!”

ನಿಂಗಮ್ಮ ಬೇಲಿಯಾಚೆ ಕೈಕಟ್ಟಿಕೊಂಡಳು.

“ಅವ್ವಾ, ಗಂಟಲು ಒಣಗತೈತೆ...”

ನಿರ್ಮಲಮ್ಮ ಅದೇ ಚೊಂಬು ಹಿಡಿದು ಓಡಿ ಬಂದಳು. ಮಗನ ಮುಂದೆ ನಿಂತೊಡನೆ ಅವಳ ಕೈ ತಾನಾಗಿಯೇ ಮೇಲೇರಿತು.

“ಉಪ್ಪು ಹಾಕೀನಿ, ಕುಡಿಯಪ್ಪ.”

ಚನ್ನೇಶ ಬೊಗಸೆ ಒಡ್ಡಿದ. ಮಜ್ಜಿಗೆ ಮಸಿ ಹಿಡಿದು ಮೊಣಕೈಯಿಂದ ಹಲಗೆಯ ಮೇಲೆ ತೊಟ್ಟಿಕ್ಕಿತು.

ಜಗಲಿಯಿಂದ ಬೆನಕಪ್ಪ ಕೂಗಿದ: “ಇನ್ನೂ ಎತ್ರಕ್ಕೆ ಹಿಡಿಯೇ!”