ಬೆರಳು ಸಾಹೇಬರ ಪ್ರೋಟೀನು

ಎದುರಿಗೆ ಎಲ್ಲರೂ ಅವರನ್ನು ಪ್ರೊಫೆಸರ್ ಸಾಹೇಬರು ಎನ್ನುತ್ತಿದ್ದರು, ಬೆನ್ನ ಹಿಂದೆ ಬೆರಳು ಸಾಹೇಬರು. ಜೀವಕೋಶದೊಳಗೆ ಸ್ವಿಚ್ಚಿನಂತೆ ದುಡಿಯುವ ಪ್ರೋಟೀನುಗಳಿವೆ. ಜಿಟಿಪಿ ಎಂಬ ಕಣವನ್ನು ಹಿಡಿದಿರುವಷ್ಟು ಹೊತ್ತು ಅವು ಚಾಲೂ. ಅದರ ತುದಿಯ ಫಾಸ್ಫೇಟನ್ನು ನೀರಿನಿಂದ ಕಡಿದುಹಾಕಿದರೆ ಬಂದ್. ಕಡಿಯುವಾಗ ಅರ್ಜಿನೀನ್ ಎಂಬ ಅಮೈನೋ ಆಮ್ಲ ಬೆರಳಿನಂತೆ ಒಳಕ್ಕೆ ಚಾಚಿಕೊಂಡು ಕೈಜೋಡಿಸುತ್ತದೆ. ಎಷ್ಟೋ ಪ್ರೋಟೀನುಗಳಲ್ಲಿ ಅದು ನಿಜವೇ. ಸಾಹೇಬರು ಮಾತ್ರ ಎಲ್ಲದರಲ್ಲೂ ಅದೇ ಬೆರಳು ಎಂದು ಇಪ್ಪತ್ತು ವರ್ಷ ಸಾಧಿಸಿ ದೊಡ್ಡವರಾದವರು.

ಅವರ ಪ್ರಯೋಗಾಲಯದಲ್ಲಿ ಪ್ರೋಟೀನು ಸೋಸಿ ಶುದ್ಧ ಮಾಡುವ ಟೆಕ್ನಿಷಿಯನ್ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಹನ್ನೊಂದು ವರ್ಷದ ಚಾಕರಿ, ವರ್ಷ ವರ್ಷವೂ ಹೊಸ ಗುತ್ತಿಗೆ. ಶುಕ್ರವಾರ ಸಾಹೇಬರು ರುಜು ಹಾಕಿದರೆ ಮುಂದಿನ ವರ್ಷದ ಅನ್ನ ಉಂಟು. ಸೊಂಟ ಮುರಿದು ಮನೆಯಲ್ಲೇ ಬಿದ್ದಿದ್ದ ಗಂಡ ಸೋಮವಾರ ಬೆಳಿಗ್ಗೆ ಕೇಳಿದ್ದ, "ಹಾಕ್ತಾರಂತಾ?"

"ನಾನು ಬಾಯಿ ಮುಚ್ಕೊಂಡಿದ್ರೆ ಹಾಕ್ತಾರೆ."

"ಹಾಗಾದ್ರೆ ಕಷ್ಟ ಇದೆ ಬಿಡು," ಎಂದು ಅವನು ನಕ್ಕಿದ್ದ.

ಅದೇ ದಿನ ಲ್ಯಾಬಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ ಹೊಸದೊಂದು ಪ್ರೋಟೀನಿನಿಂದ ಆ ಬೆರಳನ್ನೇ ತೆಗೆದು ಪರೀಕ್ಷೆಗಿಟ್ಟಿದ್ದಳು. ಫಾಸ್ಫೇಟು ಕಡಿದು ಬಂದರೆ ತಟ್ಟೆಯ ಗುಳಿಯಲ್ಲಿನ ಹಳದಿ ದ್ರವ ಹಸಿರಾಗುತ್ತದೆ. ಸಾಹೇಬರ ಲೆಕ್ಕದಲ್ಲಿ ಬೆರಳಿಲ್ಲದ್ದು ಹಳದಿಯಾಗಿಯೇ ಉಳಿಯಬೇಕಿತ್ತು. ಗಿಣಿಯಂತೆ ಹಸಿರಾಯಿತು.

ಸಾಹೇಬರು ತಟ್ಟೆ ಎತ್ತಿ ನೋಡಿದರು. "ಸೋಪಿನ ಪುಡಿ! ಅದರಲ್ಲಿನ ಫಾಸ್ಫೇಟು ಇದು. ಪಾತ್ರೆ ತೊಳೆಯೋಕೂ ಬರಲ್ವೇನಮ್ಮಾ ನಿಂಗೆ?"

ಅಕ್ಕನ ಬಾಯಿ ಮುಚ್ಚಿರಲಿಲ್ಲ. "ಸೋಪಾಗಿದ್ರೆ ಪ್ರೋಟೀನು ಹಾಕದೇ ಇರೋ ಗುಳೀನೂ ಹಸಿರಾಗ್ಬೇಕಿತ್ತಲ್ಲ ಸರ್? ಅದು ಹಳದಿಯಾಗೇ ಇದೆ. ಸೋಡಿಯಂ ಉಪ್ಪು ಮುಗಿದಿತ್ತು, ದ್ರಾವಣಕ್ಕೆ ಪೊಟ್ಯಾಷಿಯಂ ಉಪ್ಪು ಹಾಕ್ದೆ. ಬಾಟ್ಲಿ ಮೇಲೆ ಬರೆದಿದೀನಿ. ಅದರಿಂದೇನಾದ್ರೂ..."

"ಎಲ್ರೂ ಕೂತ್ಕೊಳ್ರಪ್ಪಾ," ಎಂದರು ಸಾಹೇಬರು. "ಬಾಟ್ಲಿ ತೊಳೆಯೋರು ಪಾಠ ಶುರು ಮಾಡಿದಾರೆ."

ಕೊಠಡಿಯೆಲ್ಲ ನಕ್ಕಿತು. ಪಿಎಚ್.ಡಿ. ಹುಡುಗಿಯೂ ನಕ್ಕಳು, ತುಸು ತಡವಾಗಿ. ಆ ನಗು ಆರುವ ಮುನ್ನ ಅಕ್ಕನ ಮುಂದೆ ಹಾಳೆ ಬಂತು. "ಕೇಳದೆ ಉಪ್ಪು ಬದಲಿಸಿದ್ದು ನನ್ನ ಬೇಜವಾಬ್ದಾರಿ" ಎಂದು ಸಾಹೇಬರು ಬರೆಸುತ್ತಾ ಹೋದರು, ಅವಳು ನಿಂತುಕೊಂಡೇ ಬರೆದಳು. "ತಪ್ಪೊಪ್ಪಿಕೊಂಡ್ರೆ ಶುಕ್ರವಾರಕ್ಕೆ ಒಳ್ಳೇದು" ಎಂದಿದ್ದರಲ್ಲ, ರುಜು ಹಾಕಿದಳು.

ಮರುದಿನ ಸಾಹೇಬರು ಬಾಗಿಲು ಹಾಕಿಕೊಂಡು ಅವಳೊಬ್ಬಳಿಂದಲೇ ಎರಡೂ ಉಪ್ಪಿನಲ್ಲಿ ಪ್ರಯೋಗ ಮಾಡಿಸಿದರು. ಒಂದಲ್ಲ, ಆರು ಸಲ. ಊಟಕ್ಕೂ ಬಿಡಲಿಲ್ಲ. ಬೆರಳಿದ್ದರೂ ಇಲ್ಲದಿದ್ದರೂ ಸೋಡಿಯಂನಲ್ಲಿ ಹಳದಿ, ಪೊಟ್ಯಾಷಿಯಂನಲ್ಲಿ ಹಸಿರು. ಆರನೆಯ ತಟ್ಟೆಯ ಹೊತ್ತಿಗೆ ಸಾಹೇಬರು ಸಣ್ಣಗೆ ಶಿಳ್ಳೆ ಹಾಕತೊಡಗಿದ್ದರು.

ಗುರುವಾರದ ಸಭೆಯಲ್ಲಿ ಅವರ ದನಿಗೆ ಜೇನು ಇಳಿದಿತ್ತು. "ಕಡಿಯೋಕೆ ದಾರಿ ಒಂದೇ ಅಲ್ಲ ಕಣ್ರೋ. ಒಂದು ಪ್ರೋಟೀನಿಗೆ ಬೇರೆ ಪ್ರೋಟೀನು ಬಂದು ಬೆರಳು ಕೊಡುತ್ತೆ. ಇನ್ನೊಂದಕ್ಕೆ ಬೆರಳು ತನ್ನ ಮೈಯಲ್ಲೇ ಇರುತ್ತೆ. ನಮ್ಮದಕ್ಕೆ ಬೆರಳೇ ಬೇಡ, ಆ ಜಾಗದಲ್ಲಿ ಒಂದು ಪೊಟ್ಯಾಷಿಯಂ ಅಯಾನು ಕೂತು ಕೆಲಸ ಮುಗಿಸುತ್ತೆ. ನಂಗೆ ಮೊದಲಿಂದಲೂ ಈ ಅನುಮಾನ ಇತ್ತು."

ಮೊದಲಿಂದಲೂ! ನಾಚಿಕೆಗೆಟ್ಟ ನಾಲಿಗೆಗೆ ಮೂಳೆಯೊಂದಿಲ್ಲ ನೋಡಿ. ಅಕ್ಕ ಪಿಎಚ್.ಡಿ. ಹುಡುಗಿಯ ಪಕ್ಕಕ್ಕೆ ಸರಿದು ಪಿಸುಗುಟ್ಟಿದಳು, "ನೀನಾದ್ರೂ ಹೇಳಮ್ಮಾ."

"ನನ್ನ ಥೀಸಿಸ್ ಅವರ ಕೈಯಲ್ಲಿದೆ ಅಕ್ಕಾ," ಎಂದ ಹುಡುಗಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಶುಕ್ರವಾರ ಕಚೇರಿಯ ಗುಮಾಸ್ತ ಲಕೋಟೆ ಕೊಟ್ಟ. ಗುತ್ತಿಗೆ ಮುಂದುವರಿಸಿಲ್ಲ, ಕಾರಣ, ಲಗತ್ತಿಸಿದ ತಪ್ಪೊಪ್ಪಿಗೆ. ಅಕ್ಕ ಅದನ್ನು ಹಿಡಿದು ಸಾಹೇಬರ ಮೇಜಿನ ಮುಂದೆ ನಿಂತಳು.

"ಬರೆದುಕೊಟ್ರೆ ಒಳ್ಳೇದು ಅಂದಿದ್ರಿ."

"ಲ್ಯಾಬಿಗೆ ಒಳ್ಳೇದೇ ಆಯ್ತಲ್ಲಮ್ಮಾ. ಹೋಗೋ ಮುಂಚೆ ಆ ದ್ರಾವಣ ಮಾಡೋ ಕ್ರಮ ಬರೆದಿಟ್ಟು ಹೋಗು. ಬೇರೆಯವರು ಮಾಡಿದ್ದು ಸರಿ ಬರ್ತಿಲ್ಲ."

ತಪ್ಪು ಅಳತೆ ಬರೆಯಬಹುದಿತ್ತು. ಪೆನ್ನು ಕಾಗದದ ಮೇಲೆ ಅರೆಗಳಿಗೆ ನಿಂತಿತು ಕೂಡ. ಆದರೆ ಹನ್ನೊಂದು ವರ್ಷ ಸರಿಯಾಗಿ ತೂಗಿದ ಕೈ ಕೇಳಲಿಲ್ಲ. ಉಪ್ಪೆಷ್ಟು, ಮೆಗ್ನೀಷಿಯಂ ಎಷ್ಟು, ಯಾವುದರ ಹಿಂದೆ ಯಾವುದು, ಎಲ್ಲ ಬರೆದಳು. ಕೊನೆಗೆ ತನ್ನ ಹೆಸರನ್ನು ಪೂರ್ತಿಯಾಗಿ, ದಪ್ಪ ಅಕ್ಷರದಲ್ಲಿ ಬರೆದಳು. ಆ ಪ್ರಯೋಗಾಲಯದಲ್ಲಿ ಯಾರೂ ಅವಳನ್ನು ಆ ಹೆಸರಿನಿಂದ ಕರೆದಿರಲಿಲ್ಲ.

ಸಾಹೇಬರು ಹಾಳೆಯನ್ನು ಎರಡು ಸಲ ಓದಿ ತಲೆದೂಗಿದರು. ಅವಳ ಕಣ್ಣೆದುರಿಗೇ ಕತ್ತರಿ ತೆಗೆದು ಕೊನೆಯ ಸಾಲನ್ನು ನೀಟಾಗಿ ಕತ್ತರಿಸಿ ಬುಟ್ಟಿಗೆ ಬಿಟ್ಟರು. ಉಳಿದದ್ದನ್ನು ಗೋಡೆಗೆ ಅಂಟಿಸುತ್ತಾ ಹೇಳಿದರು:

"ಅಕ್ಷರ ಚೆನ್ನಾಗಿದೆ ಕಣಮ್ಮ."