ಶ್ರಾವಣ ಸೋಮವಾರದ ಹಾರ್ನು

ಗುರುಬಸಪ್ಪನವರು ಹಾರ್ನು ಒತ್ತುವ ಪೈಕಿ ಅಲ್ಲ. ಜಯನಗರದಲ್ಲಿ ಅರಿಶಿನ, ಕುಂಕುಮ, ವಿಭೂತಿ, ಕರ್ಪೂರ ಮಾರುವ ಗ್ರಂಧಿಗೆ ಅಂಗಡಿ ಅವರದು. ಜೆ.ಪಿ. ನಗರದ ಮನೆಯಿಂದ ಅಲ್ಲಿಗೆ ಸ್ಕೂಟರಿನಲ್ಲಿ ಓಡಾಡಿದ ಅಷ್ಟೂ ವರ್ಷ, ಎದುರಿಗೆ ಎಮ್ಮೆ ಬರಲಿ ಎಮ್ಮೆಲ್ಲೆ ಬರಲಿ, ಬ್ರೇಕು ಹಿಡಿದು ನಿಂತು, ಅವರು ಹೋದ ಮೇಲೆ ತಾವು ಹೋದವರು. ಬಾಯಿಯ ಕಥೆಯೂ ಹಾರ್ನಿನದೇ. ಅದರಿಂದ ಹೊರಗೆ ಬರುವ ಮಾತು ಬಹುಮಟ್ಟಿಗೆ ಒಂದೇ: ‘ಪರವಾಗಿಲ್ಲ ಬಿಡಿ.’ ಅರ್ಧ ಉರಿಸಿದ ಊದುಬತ್ತಿಯ ಪೊಟ್ಟಣವನ್ನು ಗಿರಾಕಿ ವಾಪಸ್ಸು ತಂದರೆ ಪರವಾಗಿಲ್ಲ. ಪಕ್ಕದ ಅಂಗಡಿಯವನು ಇವರ ಬಾಗಿಲಿಗೆ ಅಡ್ಡವಾಗಿ ಬೈಕು ನಿಲ್ಲಿಸಿದರೆ ಪರವಾಗಿಲ್ಲ. ಅಂಗಡಿಯ ಬೋರ್ಡಿನ ಮೇಲೆ ದೇವರ ಹೆಸರಿನ ಬದಲು ಅದನ್ನೇ ಬರೆಸಿ ಎಂದು ಹೆಂಡತಿ ಶಾಂತಾದೇವಿ ಹೇಳುತ್ತಿದ್ದಳು.

ಇಂಥವರು ಕೊಂಡ ಹೊಸ ಕಾರು ತಾನಾಗಿಯೇ ಹಾರ್ನು ಹೊಡೆಯತೊಡಗಿತು.

ಕಾರು ಬೇಕೆಂದು ಶಾಂತಾದೇವಿ ಬಾಯಿಬಿಟ್ಟು ಕೇಳಿದ್ದೇ ಇಲ್ಲ. ಮಿಕ್ಕಿದ್ದೆಲ್ಲವನ್ನೂ ಕೇಳುವವಳು, ಅದೊಂದನ್ನು ಕೇಳಿರಲಿಲ್ಲ. ಸ್ಕೂಟರಿನ ಹಿಂದೆ ಒಂದು ಪಕ್ಕಕ್ಕೆ ಕೂತು, ಸೆರಗನ್ನು ಮುಷ್ಟಿಯಲ್ಲಿ ಹಿಡಿದು, ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಕಾರುಗಳ ಮುಂದಿನ ಸೀಟಿನ ಹೆಂಗಸರನ್ನು ನೋಡುತ್ತಿದ್ದಳು. ಆಗೆಲ್ಲ ಅವಳ ಮಾತು ನಿಲ್ಲುತ್ತಿತ್ತು. ಬೆನ್ನ ಹಿಂದೆ ಮಾತು ನಿಂತದ್ದು ಗುರುಬಸಪ್ಪನವರಿಗೆ ತಿಳಿಯುತ್ತಿತ್ತು. ಹಾಗೆ ಅವಳ ಮಾತು ನಿಂತ ಸಿಗ್ನಲ್ಲುಗಳೆಲ್ಲ ಅವರ ಮನಸ್ಸಿನಲ್ಲಿ ಉಳಿದು, ಕೊನೆಗೊಂದು ಕಾರಾಯಿತು. ಕೆಂಪು ಬಣ್ಣ ಅವಳೇ ಆರಿಸಿದ್ದು. ಮೊದಲ ದಿನ ಮುಂದಿನ ಸೀಟಿನಲ್ಲಿ ಕೂತು, ಬೀದಿಯ ಎರಡೂ ಬದಿಯವರಿಗೆ ಕಾಣಲಿ ಎಂದು ಗಾಜು ಇಳಿಸಿಕೊಂಡಿದ್ದಳು.

ಅದರ ಚಾಳಿ ಗೊತ್ತಾದದ್ದು ಸುಬ್ರಹ್ಮಣ್ಯಪುರದಲ್ಲಿ. ಅವಳ ದೊಡ್ಡಪ್ಪ ತೀರಿಕೊಂಡಿದ್ದರು. ಕೋಣನಕುಂಟೆಯ ಟ್ರಾಫಿಕ್ಕಿನಲ್ಲಿ ತೆವಳಿ ತೆವಳಿ ಗಾಡಿ ಚೆನ್ನಾಗಿ ಬಿಸಿಯಾಗಿತ್ತು. ಸಾವಿನ ಮನೆಯ ಓಣಿಗೆಂದು ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದರು, ಅಷ್ಟೇ. ಗಾಡಿ ಬಾಯಿ ತೆರೆಯಿತು. ಬಲಕ್ಕೆ ತಿರುಗಿಸಿದರೆ ನಿಲ್ಲುತ್ತಿತ್ತು, ಆದರೆ ಬಲಕ್ಕೆ ಮೋರಿ. ಹಾಗಾಗಿ ಶಾಮಿಯಾನದ ತುದಿಯಿಂದ ದೊಡ್ಡಪ್ಪನನ್ನು ಕೂರಿಸಿದ್ದ ಹೂವಿನ ವಿಮಾನದವರೆಗೂ ಅವರು ಹಾರ್ನು ಹೊಡೆಯುತ್ತಲೇ ಹೋದರು. ಭಜನೆ ನಿಂತಿತು. ದೊಡ್ಡಪ್ಪನೊಬ್ಬರನ್ನು ಬಿಟ್ಟು ಎಲ್ಲರೂ ತಿರುಗಿ ನೋಡಿದರು. ಮೊಮ್ಮಕ್ಕಳಲ್ಲಿ ಯಾವುದೋ ಒಂದು ಕಿಸಕ್ಕೆಂದಿತು. ಆ ನಗು ಚಾಪೆಯಿಂದ ಚಾಪೆಗೆ ಹರಿದು, ಅಳುತ್ತಿದ್ದ ದೊಡ್ಡಮ್ಮನೂ ಸೆರಗು ಬಾಯಿಗಿಟ್ಟುಕೊಂಡು ಅಲುಗತೊಡಗಿದರು. ಅದು ಅಳುವೋ ನಗುವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಶಾಂತಾದೇವಿ ಇಳಿದವಳು ಮತ್ತೆ ಹತ್ತಲಿಲ್ಲ.

“ಅದು ಬಾಯಿ ಮುಚ್ಚೋವರೆಗೂ ನಾನು ಅದರಲ್ಲಿ ಕೂರಲ್ಲ ರೀ,” ಎಂದು ಹೇಳಿ ಬಸ್ ಸ್ಟಾಪಿಗೆ ನಡೆದಳು.

ಅವಳು ಬಸ್ಸಿನ ಕಿಟಕಿಯಲ್ಲಿ, ಇವರು ಆ ಬಸ್ಸಿನ ಹಿಂದೆ ಕಾರಿನಲ್ಲಿ, ಹಾಗೇ ಜೆ.ಪಿ. ನಗರ ಸೇರಿದರು. ಪಕ್ಕದ ಖಾಲಿ ಸೀಟಿನ ಪ್ಲಾಸ್ಟಿಕ್ ಹೊದಿಕೆ ದಾರಿಯುದ್ದಕ್ಕೂ ಸರಸರ ಎನ್ನುತ್ತಿತ್ತು. ಸ್ಕೂಟರಿನ ದಿನಗಳಲ್ಲಿ ಬೆನ್ನ ಹಿಂದೆ ಇದ್ದ ಮೌನಕ್ಕಿಂತ ಈ ಮೌನ ಕೆಟ್ಟದ್ದು ಎಂದು ಅವರಿಗೆ ಅನ್ನಿಸಿತು.

ಷೋರೂಮು ಮನೆಯಿಂದ ಎರಡು ಸಿಗ್ನಲ್ ಆಚೆ. ಮಾರುವುದು ಮುಂದುಗಡೆ, ರಿಪೇರಿ ಹಿಂದುಗಡೆ. ಅಲ್ಲಿನ ಸರ್ವಿಸ್ ಅಡ್ವೈಸರ್ ಶಿವಕಿರಣ್ ನಗುಮುಖದ ಹುಡುಗ. ಮೊದಲ ಸಲ ಹೋದಾಗ ಅಂಗಳದಲ್ಲೇ ಒಂದು ಸುತ್ತು ಹೊಡೆದು ಬಂದ. ಎರಡು ಸಿಗ್ನಲ್ಲಿಗೆ ಗಾಡಿ ಎಲ್ಲಿ ಬಿಸಿಯಾಗಬೇಕು, ತಣ್ಣಗೆ ಮಗುವಿನ ಹಾಗಿತ್ತು. ಏನೂ ಶಬ್ದ ಬರ್ತಿಲ್ಲ, ಹೊಸ ಗಾಡಿ ಅಲ್ವಾ, ತಾನೇ ಸೆಟ್ ಆಗುತ್ತೆ ಎಂದ. ಬಿಸಿಯಾದ ಮೇಲೆ ಬರುವುದೆಂದು ಗುರುಬಸಪ್ಪನವರು ಹೇಳಹೊರಟರು. ‘ಬಿಸಿ’ ಎನ್ನುವಷ್ಟರಲ್ಲಿ ಹುಡುಗ ಕಾಫಿ ತರಿಸಿದ. ಕುಡಿದರು, ಪರವಾಗಿಲ್ಲ ಎಂದರು, ಎದ್ದುಬಂದರು. ಎರಡನೆಯ ಸಲ ಹುಡುಗ ಇವರ ಕೈಹಿಡಿದುಕೊಂಡು, ಕಂಪನಿಯಿಂದ ಫೋನು ಬರುತ್ತೆ, ಹತ್ತಕ್ಕೆ ಹತ್ತು ಮಾರ್ಕು ಕೊಡಿ ಸಾರ್, ಒಂಬತ್ತು ಕೊಟ್ಟರೂ ನಮಗೆ ಉಗೀತಾರೆ ಎಂದ. ಪಾಪ ಎನ್ನಿಸಿ ಹತ್ತು ಕೊಟ್ಟರು. ಆ ಸಲ ಗಾಡಿಯನ್ನು ಪುಕ್ಕಟೆ ತೊಳೆದುಕೊಟ್ಟಿದ್ದರು. ಫಳಫಳ ಹೊಳೆಯುತ್ತಾ ಅದು ಬನಶಂಕರಿಯವರೆಗೆ ಸುಮ್ಮನಿದ್ದು, ದೇವಸ್ಥಾನದ ಮುಂದೆ ಎಡಕ್ಕೆ ತಿರುಗಿದ್ದೇ ಕೂಗಿಕೊಂಡಿತು. ಹೂವಿನವಳು ಬುಟ್ಟಿ ಎತ್ತಿಕೊಂಡು ಓಡಿದಳು.

ಮೂರನೆಯ ಸಲಕ್ಕೆ ಷೋರೂಮಿನವರು ಫೋನಿನಲ್ಲಿ ಕೊಟ್ಟ ದಿನ ಸೋಮವಾರ. ಗುರುಬಸಪ್ಪನವರು ಅಭ್ಯಾಸಬಲದಿಂದ ‘ಪರವಾಗಿಲ್ಲ’ ಎಂದು ಒಪ್ಪಿಕೊಂಡು ಫೋನಿಟ್ಟ ಮೇಲೆ ತಲೆಯ ಮೇಲೆ ಕೈ ಹೊತ್ತರು. ಅದು ಶ್ರಾವಣ. ಶ್ರಾವಣದ ಸೋಮವಾರಗಳಲ್ಲಿ ಅವರು, ಅವರ ಅಪ್ಪ, ಅಜ್ಜ ಎಲ್ಲರೂ ಹಿಡಿದುಕೊಂಡು ಬಂದ ನೇಮವೊಂದಿತ್ತು. ಬೆಳಗಿನ ಲಿಂಗಪೂಜೆಯಿಂದ ಸಂಜೆಯ ಪೂಜೆಯವರೆಗೆ ಉಪವಾಸ ಮತ್ತು ಮೌನ. ಬರೆದು ತೋರಿಸುವಂತಿಲ್ಲ, ಕೈಸನ್ನೆ ಇಲ್ಲ. ಕೈಮುಗಿಯಬಹುದು, ಅಷ್ಟೇ.

ಇವರು ಮಾತಾಡುವ ದಿನವೇ ಆಗದ ಕೆಲಸ ಬಾಯಿ ಹೊಲಿದುಕೊಂಡ ದಿನ ಹೇಗಾಗುತ್ತೆ ಎಂದು ಶಾಂತಾದೇವಿ ಕೇಳಿದಳು. ಅಡುಗೆ ಮುಗಿಸಿ ಹಿಂದೆಯೇ ಬಸ್ಸಿನಲ್ಲಿ ಬರುತ್ತೇನೆ, ನಾನು ಬರುವವರೆಗೆ ಕೂತಿರಿ, ಅವತ್ತೂ ರಿಪೇರಿ ಆಗದಿದ್ದರೆ ಅದನ್ನು ಅಲ್ಲೇ ಬಿಟ್ಟು ಸ್ಕೂಟರಿಗೆ ವಾಪಸ್ಸು ಎಂದಳು. ಅವಳು ಹಾಗೆಂದಾಗ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವರಿಗೆ ಚುಚ್ಚಿತು.

ಸೋಮವಾರ ಹಣೆಗೆ ಮೂರು ಪಟ್ಟೆ ವಿಭೂತಿ ಬಳಿದು, ಬಿಳಿ ಪಂಚೆ ಉಟ್ಟು ಗುರುಬಸಪ್ಪನವರು ಷೋರೂಮಿನಲ್ಲಿ ಕೂತರು. ಶಿವಕಿರಣ್ ಎಂದಿನಂತೆ ಅಂಗಳದ ಸುತ್ತು ಮುಗಿಸಿ ಬಂದು, ಗಾಡಿ ಸೂಪರಾಗಿದೆ ಸಾರ್ ಎಂದು ವರದಿ ಒಪ್ಪಿಸಿ, ‘ಪರವಾಗಿಲ್ಲ’ಕ್ಕಾಗಿ ಕಾದ.

ಬರಲಿಲ್ಲ.

ಗುರುಬಸಪ್ಪನವರ ಗಂಟಲಿನವರೆಗೆ ಅದು ಬಂದಿತ್ತು. ಹುಡುಗನ ಮುಖ ನೋಡಿ ಒಳಗೊಳಗೇ ಕರಗುತ್ತಿದ್ದರು. ನೇಮ ಅಡ್ಡ ನಿಂತಿತು. ನುಂಗಿಕೊಂಡರು. ಹುಡುಗನ ನಗು ಸ್ವಲ್ಪ ಹೊತ್ತು ಮುಖದ ಮೇಲೇ ಇದ್ದು, ಏನು ಮಾಡಬೇಕೆಂದು ತಿಳಿಯದೆ ಇಳಿದುಹೋಯಿತು. ತಾನು ಪೂರ್ತಿ ನೋಡಿಲ್ಲ ಅಂತ ಸಾರ್‌ಗೆ ಅನ್ನಿಸಿರಬಹುದು ಎಂದ. ಮೌನ. ನಿಜ ಹೇಳಬೇಕೆಂದರೆ ರೋಡಿಗೇ ಹೋಗಿಲ್ಲ ಎಂದ. ಮೌನ. ಹೋದ ಸಲವೂ ಹೋಗಿರಲಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿ, ಕಾಫಿ ತರಿಸಿದ. ಗುರುಬಸಪ್ಪನವರು ಕಾಫಿಯ ಲೋಟಕ್ಕೆ ಕೈಮುಗಿದರು.

ಸುದ್ದಿ ಒಳಗೆ ಹೋಯಿತು. ಮ್ಯಾನೇಜರ್ ಕೈಲಾಸ್ ಟೈ ಸರಿಮಾಡಿಕೊಳ್ಳುತ್ತಾ ಬಂದ. ಕೂಗಾಡುವ ಗಿರಾಕಿಗಳನ್ನು ಅವನು ಬೇಕಾದಷ್ಟು ಕಂಡಿದ್ದ; ಕೂಗುವವರು ಕೂಗಿ ಸುಸ್ತಾಗಿ ಕಾಫಿ ಕುಡಿಯುತ್ತಾರೆ. ಕಾಫಿ ಮುಟ್ಟದೆ, ಮಾತಾಡದೆ, ಬೆನ್ನು ನೆಟ್ಟಗೆ ಮಾಡಿ ಕೂತವರು ಸೀದಾ ಕೋರ್ಟಿಗೆ ಹೋಗುವವರು ಎಂಬುದು ಅವನ ಲೆಕ್ಕಾಚಾರ. ಎ.ಸಿ. ಕೋಣೆಗೆ ಕರೆದೊಯ್ದ. ಬಾದಾಮಿ ಹಾಲು ಬಂತು. ಅದಕ್ಕೂ ನಮಸ್ಕಾರ. ಎಳನೀರು ಬಂತು. ಅದಕ್ಕೆ ಇನ್ನೂ ಭಕ್ತಿಯಿಂದ ನಮಸ್ಕಾರ, ಯಾಕೆಂದರೆ ಹೊಟ್ಟೆ ನಿಜಕ್ಕೂ ಹಸಿದಿತ್ತು.

“ಸಾರ್, ಬೈದುಬಿಡಿ ಸಾರ್,” ಎಂದ ಕೈಲಾಸ್. “ಹೀಗೆ ಸುಮ್ನೆ ಕೂರ್ಬೇಡಿ. ಒಂಥರಾ ಆಗುತ್ತೆ.”

ಗುರುಬಸಪ್ಪನವರು ಅವನನ್ನು ನೋಡಿದರು. ಇಷ್ಟು ಹೊತ್ತು ಇನ್ನೊಬ್ಬರ ಮುಖವನ್ನು ಸುಮ್ಮನೆ ನೋಡುತ್ತಾ ಕೂತದ್ದು ಅವರಿಗೆ ನೆನಪಿರಲಿಲ್ಲ. ಯಾವಾಗಲೂ ನಡುವೆ ಆ ಒಂದು ಮಾತನ್ನು ತೂರಿಸಿ ಎದ್ದುಬಿಡುತ್ತಿದ್ದರು. ಅದಿಲ್ಲದ ಜಾಗದಲ್ಲಿ ಎದುರಿನವರು ಒಂದೊಂದಾಗಿ ತಮ್ಮ ಸಾಮಾನು ತಂದಿಡುವುದು ಅವರಿಗೆ ತಮಾಷೆಯಾಗಿ ಕಂಡಿತು. ಕೈಲಾಸ್ ತಂದಿಟ್ಟದ್ದು ದೊಡ್ಡದೇ: ಇದೇ ತೊಂದರೆಯ ಇನ್ನೊಂದು ಗಾಡಿಯೂ ಬಂದಿತ್ತಂತೆ, ಅವರು ಬಿ.ಟಿ.ಎಂ.ನವರಂತೆ, ಸ್ಟಿಯರಿಂಗಿನ ಒಳಗಿರುವ ಸುರುಳಿ ವೈರು ಬದಲಾಯಿಸಿದ ಮೇಲೆ ಸರಿಹೋಯಿತಂತೆ. ಅಷ್ಟು ಹೇಳಿ ಅವನೇ ಬಾಯಿ ಮುಚ್ಚಿಕೊಂಡ. ಆದರೆ ಕಂಪನಿಯವರು ವೈರು ಕೊಡಬೇಕೆಂದರೆ ಶಬ್ದವನ್ನು ತಾನು ಸ್ವತಃ ಕೇಳಬೇಕು, ಅದೇ ಕಷ್ಟ ಎಂದು ಗೊಣಗಿ, ನಡೀರಿ ಸಾರ್, ಕೇಳುವವರೆಗೂ ಓಡಿಸೋಣ ಎಂದು ಬೀಗದ ಕೈ ತೆಗೆದುಕೊಂಡ.

ಕೈಲಾಸ್ ಓಡಿಸಿದ. ಗುರುಬಸಪ್ಪನವರು ಪಕ್ಕದ ಸೀಟಿನಲ್ಲಿ, ಶಾಂತಾದೇವಿಯ ಜಾಗದಲ್ಲಿ. ಶಿವಕಿರಣ್ ಹಿಂದೆ. ಬನಶಂಕರಿಯ ಟ್ರಾಫಿಕ್ಕಿನಲ್ಲಿ ತೆವಳುತ್ತಾ ಕೈಲಾಸ್ ಹೆದರಿಕೆಗೆ ಮಾತಾಡುತ್ತಲೇ ಹೋದ. ಅತ್ತೆ ಮನೆಯ ಜಗಳ, ಮಗಳ ಸ್ಕೂಲು, ತನಗೆ ನಿಜವಾಗಿ ಇಷ್ಟವಿದ್ದದ್ದು ಕೊಳಲು ಕಲಿಯುವುದು. ಪಕ್ಕದಿಂದ ಹೂಂ ಕೂಡ ಇಲ್ಲ. ಕತ್ರಿಗುಪ್ಪೆ ತಲುಪುವಷ್ಟರಲ್ಲಿ ಅವನ ಕಣ್ಣು ತುಂಬಿಬಂದಿತ್ತು. ಇಷ್ಟು ತಾಳ್ಮೆಯಿಂದ ತನ್ನ ಮಾತನ್ನು ಯಾರೂ ಕೇಳಿಸಿಕೊಂಡಿಲ್ಲ ಎಂದ. ದಾರಿಯೆಲ್ಲ ಬಲಕ್ಕೇ ತಿರುಗಿದ್ದರಿಂದ ಗಾಡಿ ಮಾತ್ರ ತೆಪ್ಪಗಿತ್ತು.

ಅವರು ಮರಳಿ ಬರುವ ಹೊತ್ತಿಗೆ ಷೋರೂಮಿನ ಮುಂದೆ ಒಂದು ದೊಡ್ಡ ಸಂಸಾರ ಹೊಸ ಗಾಡಿ ಒಯ್ಯಲು ನೆರೆದಿತ್ತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಅಜ್ಜಿಯೊಬ್ಬರು ಬೂದುಗುಂಬಳಕಾಯಿ ನಿವಾಳಿಸುತ್ತಿದ್ದರು. ಷೋರೂಮಿನ ಹುಡುಗಿಯರು ಚಪ್ಪಾಳೆಗೆ ಕೈ ಎತ್ತಿ ನಿಂತಿದ್ದರು. ಕೈಲಾಸ್ ಗೇಟಿನೊಳಕ್ಕೆಂದು ಎಡಕ್ಕೆ, ಪೂರ್ತಿ ಎಡಕ್ಕೆ, ತಿರುಗಿಸಿದ.

ಗಾಡಿ ಅದುವರೆಗೆ ನುಂಗಿಕೊಂಡದ್ದನ್ನೆಲ್ಲ ಒಟ್ಟಿಗೆ ಹೇಳಿತು.

ಅಜ್ಜಿಯ ಕೈಯಿಂದ ಕುಂಬಳಕಾಯಿ ಜಾರಿ ತಾನೇ ಒಡೆಯಿತು. ಹುಡುಗಿಯರು ಇದೇ ಸೂಚನೆ ಎಂದುಕೊಂಡು ಚಪ್ಪಾಳೆ ಹೊಡೆದರು. ಮಕ್ಕಳು ಕುಣಿಯತೊಡಗಿದವು. ಕೈಲಾಸ್ ಗಾಬರಿಯಲ್ಲಿ ಸ್ಟಿಯರಿಂಗನ್ನು ಇನ್ನಷ್ಟು ಎಡಕ್ಕೇ ಎಳೆದು ಹಿಡಿದ. ಶಿವಕಿರಣ್ ಹಿಂದಿನಿಂದ ಬಲಕ್ಕೆ, ಬಲಕ್ಕೆ ಎಂದು ಅರಚಿದ್ದು ಯಾರಿಗೂ ಕೇಳಿಸಲಿಲ್ಲ. ಗುರುಬಸಪ್ಪನವರಿಗೆ ಹೊಟ್ಟೆಯ ತಳದಿಂದ ನಗು ಎದ್ದಿತು. ನಕ್ಕರೆ ಮೌನ ಮುರಿದಂತೆಯೋ ಅಲ್ಲವೋ ಅಪ್ಪನೂ ಹೇಳಿರಲಿಲ್ಲ, ಅಜ್ಜನೂ ಹೇಳಿರಲಿಲ್ಲ. ಕೆನ್ನೆಯನ್ನು ಒಳಗಿನಿಂದ ಕಚ್ಚಿ ಹಿಡಿದರು. ಮುಖ ಕೆಂಪೇರಿ, ಮೂಗು ಅರಳಿ, ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿದ ಕೈಲಾಸ್‌ಗೆ ಇನ್ನು ತನ್ನ ಕೆಲಸ ಉಳಿಯುವುದಿಲ್ಲ ಎನ್ನಿಸಿತು.

ಗಾಡಿ ನಿಂತ ಮೇಲೆ ಆ ಸಂಸಾರದ ಯಜಮಾನರು ಹತ್ತಿರ ಬಂದು, ನಾವು ತಗೊಂಡಿರೋದೂ ಇದೇ ಮಾಡೆಲ್ ಅಲ್ವೇನ್ರೀ ಎಂದು ಮೆಲ್ಲಗೆ ಕೇಳಿದರು.

ಆಮೇಲಿನದು ಚಕಚಕ ನಡೆಯಿತು. ಕಂಪನಿಯಿಂದ ವೈರು ಬರುವವರೆಗೆ ಕಾಯುವುದು ಬೇಡ, ಒಳಗೆ ಪ್ರದರ್ಶನಕ್ಕಿಟ್ಟ ಗಾಡಿಯಿಂದ ಬಿಚ್ಚಿ ಸಾರ್ ಗಾಡಿಗೆ ಹಾಕಿ, ಆ ಸಂಸಾರದ ಗಾಡಿಯನ್ನೂ ಓಡಿಸಿ ನೋಡಿ ಎಂದು ಕೈಲಾಸ್ ಅಪ್ಪಣೆ ಕೊಡಿಸಿದ. ಮೆಕ್ಯಾನಿಕ್ಕುಗಳು ಮುತ್ತಿಕೊಂಡರು. ಬಿಚ್ಚಿ ಹಾಕಿದ ಮೇಲೆ ಶಿವಕಿರಣ್ ತಾನೊಬ್ಬನೇ ಕೋಣನಕುಂಟೆಯವರೆಗೆ ಓಡಿಸಿ, ಸಿಕ್ಕ ಸಿಕ್ಕ ಎಡ ತಿರುವುಗಳಲ್ಲೆಲ್ಲ ತಿರುಗಿಸಿಕೊಂಡು ಬಂದ.

ಶಾಂತಾದೇವಿ ಬಸ್ಸಿಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಬೈಗುಳಗಳ ಸಮೇತ ಒಳಗೆ ನುಗ್ಗಿದಾಗ, ಗಂಡ ಮ್ಯಾನೇಜರನ ಕುರ್ಚಿಯಲ್ಲಿ ಕೂತಿದ್ದರು. ಮ್ಯಾನೇಜರ್ ನಿಂತಿದ್ದ.

“ಎಲ್ಲಾ ಸರಿ ಮಾಡಿದ್ದೀವಿ ಮೇಡಂ,” ಎಂದು ಶಿವಕಿರಣ್ ಅವಳ ಬಳಿಗೆ ಓಡಿಬಂದ. “ಸಾರ್ ತುಂಬಾ ಗರಂ ಆಗ್ಬಿಟ್ಟಿದ್ದಾರೆ. ಬೆಳಿಗ್ಗೆಯಿಂದ ಒಂದು ಮಾತೂ ಆಡಿಲ್ಲ. ನೀವಾದ್ರೂ ಹೇಳಿ.”

ಶಾಂತಾದೇವಿ ಗಂಡನ ಕಡೆ ನೋಡಿದಳು. ಮೇಜಿನ ಮೇಲೆ ಸಾಲಾಗಿ ನಿಂತಿದ್ದ ಕಾಫಿ, ಬಾದಾಮಿ ಹಾಲು, ಎಳನೀರು ನೋಡಿದಳು. ಅವಳ ತುಟಿಯ ಒಂದು ಮೂಲೆ ಅದುರಿತು. ತಕ್ಷಣ ಮುಖ ಗಂಭೀರ ಮಾಡಿಕೊಂಡಳು.

“ಇಷ್ಟಕ್ಕೇ ಬಿಟ್ಟಿದ್ದು ನಿಮ್ಮ ಪುಣ್ಯ,” ಎಂದಳು. “ಅವರ ಸಿಟ್ಟು ನೀವು ನೋಡಿಲ್ಲ ಕಣಪ್ಪ. ನಾನು ನೋಡಿದ್ದೀನಿ.”

ಗುರುಬಸಪ್ಪನವರು ಮೇಲಿನ ಫ್ಯಾನು ನೋಡಿದರು.

ಹೊರಗೆ ಬಂದು ಅವಳು ಕಾರಿನ ಮುಂದೆ ಒಂದು ಗಳಿಗೆ ನಿಂತಳು. ಅವರು ಬಾಗಿಲು ತೆಗೆದು ಹಿಡಿದರು. ಕೂತಳು. ಗಾಜು ಇಳಿಸಲಿಲ್ಲ, ನಂಬಿಕೆ ಇನ್ನೂ ಬಂದಿರಲಿಲ್ಲ. ಅವರು ಮನೆಯ ಕಡೆ ತಿರುಗಿಸದೆ ಜಯನಗರದತ್ತ ಹೊರಟರು. ಟ್ರಾಫಿಕ್ಕಿನಲ್ಲಿ ಗಾಡಿ ಕಾವೇರುವವರೆಗೆ ಅವಳೂ ಮಾತಾಡಲಿಲ್ಲ. ಮೊದಲ ಎಡ ತಿರುವು. ಇಬ್ಬರೂ ಉಸಿರು ಹಿಡಿದರು. ಪೂರ್ತಿ ಎಡಕ್ಕೆ ತಿರುಗಿತು. ಎಲೆ ಅಲುಗಿದಷ್ಟೂ ಸದ್ದಿಲ್ಲ. ಮತ್ತೊಂದು ಎಡ. ಮತ್ತೊಂದು. ಒಂದೇ ಬ್ಲಾಕನ್ನು ಅವರು ಸುತ್ತಿದರು, ಸುತ್ತಿದರು. ಎಳನೀರಿನ ಗಾಡಿಯವನು ಇವರನ್ನು ಗುರುತು ಹಿಡಿದು ಕೈಬೀಸತೊಡಗಿದ. ಶಾಂತಾದೇವಿ ಗಾಜು ಇಳಿಸಿ ಅವನಿಗೆ ತಿರುಗಿ ಕೈಬೀಸಿದಳು. ಆಮೇಲೆ ಅವಳ ಮಾತು ಶುರುವಾಯಿತು. ಆ ಮ್ಯಾನೇಜರನ ಮುಖ, ಆ ಹುಡುಗನ ನಡುಕ, ತನ್ನ ವ್ಯರ್ಥವಾದ ಬೈಗುಳಗಳು, ಎಲ್ಲ ಒಂದರ ಮೇಲೊಂದು ಬಂದವು.

ಅಷ್ಟರಲ್ಲಿ ಮುಂದೆ ನಿಂತಿದ್ದ ಆಟೋವೊಂದು ಹಿಂದೆ ನೋಡದೆ ರಿವರ್ಸ್ ಬರತೊಡಗಿತು. ಸೀದಾ ಅವಳ ಕೆಂಪು ಕಾರಿನ ಮೂತಿಗೆ. ಗುರುಬಸಪ್ಪನವರು ಬ್ರೇಕು ಹಿಡಿದರು. ಹಿಂದೆ ಬಸ್ಸು, ಜಾಗವಿಲ್ಲ. ಕೂಗುವಂತಿಲ್ಲ. ಕೈ ತಾನೇ ಹೋಗಿ ಸ್ಟಿಯರಿಂಗಿನ ನಡುವೆ ಕೂತಿತು.

ಆಟೋ ಗಕ್ಕನೆ ನಿಂತಿತು. ಹಾರ್ನು ರಸ್ತೆಯ ಆ ತುದಿಗೂ ಕೇಳಿಸುವಂತೆ ಮೊಳಗಿ ನಿಂತಿತು.

ಶಾಂತಾದೇವಿಯ ಮಾತೂ ನಿಂತಿತು. ಅವಳ ಕೈ ಬಾಗಿಲಿನ ಹಿಡಿಯ ಮೇಲೆ ಹೋಗಿತ್ತು.

“ಮತ್ತೆ ಶುರುವಾಯ್ತಾ ರೀ? ಗಾಡಿದಾ ಇದು?”

ಸೂರ್ಯ ಮುಳುಗಲು ಇನ್ನೂ ಹೊತ್ತಿತ್ತು. ಗುರುಬಸಪ್ಪನವರು ಒಂದು ಕ್ಷಣ ಅಪ್ಪನನ್ನೂ ಅಜ್ಜನನ್ನೂ ನೆನೆದು, ಸ್ಟಿಯರಿಂಗಿನಿಂದ ಕೈ ತೆಗೆದು, ತೋರುಬೆರಳನ್ನು ತಮ್ಮ ಎದೆಯ ಮೇಲಿಟ್ಟು ತೋರಿಸಿದರು.

ಅವಳು ಆ ಬೆರಳನ್ನು ನೋಡಿದಳು, ಅವರ ಮುಖ ನೋಡಿದಳು. ಬಾಗಿಲ ಹಿಡಿ ಬಿಟ್ಟು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಸೀಟಿನಲ್ಲಿ ಅರ್ಧಕ್ಕೆ ಜಾರಿ ನಗತೊಡಗಿದಳು. ಹಿಂದಿನ ಬಸ್ಸು ಹಾರ್ನು ಹೊಡೆಯುತ್ತಲೇ ಇತ್ತು.